ಚೀಟಿ ಕೈಯಲ್ಲಿ, ಮಾತು ಗಂಟಲಲ್ಲಿ

‘ಮದುವೆ ಆಗಿದೆಯಾ?’ ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಸಹಜವಾಗಿ ಬರುವ ಪ್ರಶ್ನೆ. ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳಿಸುತ್ತದೆ. ಗಂಡಸರೊಂದಿಗೆ ಸಂಬಂಧವಿರುವ ಗಂಡಸು ಹೌದೆಂದರೂ ಇಲ್ಲವೆಂದರೂ ಹೇಳಬೇಕಾದ್ದು ಒಳಗೇ ಉಳಿಯುತ್ತದೆ. ಗುದದಲ್ಲಿ ನೋವು, ಕೀವು ಇದ್ದರೆ ‘ಮೂಲವ್ಯಾಧಿ ಇರಬೇಕು ಸಾರ್’ ಎಂದು ತಾನೇ ಹೇಳಿ, ಮುಲಾಮು ಬರೆಸಿಕೊಂಡು ಹೊರಟುಬಿಡುತ್ತಾನೆ.

ಅವನಿಗೆ ಬೇಕಾದ ಔಷಧಿ ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ ಎಂಬುದೇ ಸಂಕಟದ ಸಂಗತಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವು ಲೈಂಗಿಕ ಸೋಂಕುಗಳಿಗೆ ಬಣ್ಣಬಣ್ಣದ ಕಿಟ್‌ಗಳನ್ನು ಮಾಡಿದೆ. ಗುದದ ಸ್ರಾವಕ್ಕೆ ಬೂದು ಬಣ್ಣದ್ದು. ಒಳಗೆ ಅಜಿತ್ರೊಮೈಸಿನ್, ಸೆಫಿಕ್ಸಿಮ್ ಮಾತ್ರೆಗಳು. ಆದರೆ ಡಾಕ್ಟರು ಕೇಳದೆ, ರೋಗಿ ಹೇಳದೆ ಆ ಕಿಟ್ ಕೈಗೆ ಬರುವುದು ಹೇಗೆ? ಗುದದ ಗೊನೋರಿಯಾ ಎಷ್ಟೋ ಸಲ ಲಕ್ಷಣವನ್ನೇ ತೋರುವುದಿಲ್ಲ, ಮೂತ್ರ ಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ. ಇಂಥ ಸೋಂಕಿದ್ದರೆ ಎಚ್‌ಐವಿ ತಗಲುವ ಅಪಾಯವೂ ಹೆಚ್ಚು. 2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗಂಡಸರೊಂದಿಗೆ ಸಂಬಂಧವಿರುವ ಗಂಡಸರ ಸಮುದಾಯದಲ್ಲಿ ಶೇ 2.69 ಮಂದಿಗೆ ಎಚ್‌ಐವಿ ಇತ್ತು. ದೇಶದ ವಯಸ್ಕರಲ್ಲಿ ಆ ಪ್ರಮಾಣ ಅಂದಾಜು ಶೇ 0.22.

ಬಾಯಿಬಿಟ್ಟು ಹೇಳಲು ಇರುವ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2001ರಲ್ಲಿ ಲಖನೌ ಪೊಲೀಸರು ಎಚ್‌ಐವಿ ತಡೆಗೆ ದುಡಿಯುತ್ತಿದ್ದ ಕಾರ್ಯಕರ್ತರನ್ನೇ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಬ್ರಿಟಿಷರ ಕಾಲದ 377ನೇ ಕಲಮಿನಡಿ ಹಿಡಿದರು. ತಿಂಗಳಿಗೂ ಹೆಚ್ಚು ಕಾಲ ಅವರು ಜೈಲಿನಲ್ಲಿದ್ದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನಿಂದ ಬಿಡಿಸಿತು. ಒಪಿಡಿಯ ಪ್ರಶ್ನೆ ಮಾತ್ರ ಇದ್ದಂತೆಯೇ ಇದೆ.

ಕರ್ನಾಟಕದಲ್ಲಿ ಡಾಕ್ಟರಿಗೂ ರೋಗಿಗೂ ನಡುವಿನ ಈ ಕಂದಕ ದಾಟಿಸುತ್ತಿರುವವರು ಸಮುದಾಯದವರೇ ಆದ ಪೀರ್ ಎಜುಕೇಟರ್‌ಗಳು. ಬೈಯದ ಡಾಕ್ಟರು ಯಾರೆಂದು ಅವರಿಗೆ ಗೊತ್ತು. ಜೊತೆಗೆ ಹೋಗಿ ಕೂರುತ್ತಾರೆ. ಆದರೆ ಅವರು ದುಡಿಯುವ ಯೋಜನೆಯ ದುಡ್ಡು ಮುಖ್ಯವಾಗಿ ಎಚ್‌ಐವಿ, ಲೈಂಗಿಕ ಸೋಂಕುಗಳಿಗೆ. ಬಿಪಿ, ನಿದ್ದೆಗೆಟ್ಟ ರಾತ್ರಿಗಳು, ಸಾಯುವ ಯೋಚನೆ, ಇವು ಹೆಚ್ಚಾಗಿ ಆ ಲೆಕ್ಕದಲ್ಲಿ ಬರುವುದಿಲ್ಲ. ಮನುಷ್ಯನನ್ನು ಬರೀ ಸೋಂಕಿನ ಮೂಲಕ ನೋಡುವುದು ದೊಡ್ಡ ಅನ್ಯಾಯ.

ಮನಸ್ಸಿನ ಚಿಕಿತ್ಸೆಗೆ ಹೋದರೂ ‘ಸರಿ ಮಾಡುತ್ತೇವೆ’ ಎನ್ನುವವರ ಕೈಗೆ ಸಿಕ್ಕಿಬೀಳುವ ಭಯ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಅಂಥ ‘ಚಿಕಿತ್ಸೆ’ ವೃತ್ತಿಪರ ದುರ್ನಡತೆಯೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ.

ಇನ್ನು ಜೊತೆಗಾರನ ಮಾತು. ಹತ್ತಿರದ ಬಂಧುಗಳಿಲ್ಲದಾಗ ಸಂಗಾತಿಯೂ ಶವ ಪಡೆಯಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಪ್ರಜ್ಞೆ ತಪ್ಪಿ ಐಸಿಯುವಿನಲ್ಲಿ ಮಲಗಿದವನ ಪರವಾಗಿ ಸಹಿ ಹಾಕುವ ಹಕ್ಕೂ ಸಂಗಾತಿಗೆ ಬೇಕು.