ಕೈ ತೊಳೆದ ಮೇಲೆ ನಡೆಯುವ ಊಟ

ಮುಂಬಯಿಯ ಕುರ್ಲಾ ಪೂರ್ವದ ಬಂಟರ ಭವನದಲ್ಲಿ ಮದುವೆಯೂಟ ಮುಗಿಸಿ ಕೈ ತೊಳೆದರೆ ಊಟ ಮುಗಿಯಿತು ಅಂದುಕೊಳ್ಳುತ್ತೇವೆ. ರಕ್ತದ ಮಟ್ಟಿಗೆ ಅದು ಆಗಷ್ಟೇ ಶುರು. ಮೊದಲ ಒಂದು ಗಂಟೆಯಲ್ಲಿ ಸಕ್ಕರೆ ಏರುತ್ತದೆ, ಮೂರ್ನಾಲ್ಕು ಗಂಟೆಯ ಹೊತ್ತಿಗೆ ಕೊಬ್ಬು. ಎರಡೂ ಅತಿಯಾದರೆ ರಕ್ತನಾಳದ ಒಳಪದರ ಕೆರಳಿ ಉರಿಯೂತ ತಲೆಯೆತ್ತುತ್ತದೆ. ಆರೋಗ್ಯವಂತರಲ್ಲಿ ಇದು ಬೇಗ ಶಮನವಾಗುತ್ತದೆ. ಹೊಟ್ಟೆಯ ಬೊಜ್ಜು, ಮಧುಮೇಹ ಇದ್ದವರಲ್ಲಿ ಆ ಕೊಬ್ಬು ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಅದರ ನಡುವೆ ಸ್ಟೇಷನ್ನಿನ ವಡಾಪಾವ್, ಸಂಜೆಯ ಫರ್ಸಾಣ್, ಲೋಕಲ್ ಇಳಿದು ಹತ್ತು ಗಂಟೆಗೆ ರಾತ್ರಿಯೂಟ: ಒಂದು ಅಲೆ ಇಳಿಯುವ ಮೊದಲೇ ಇನ್ನೊಂದು.

ಉಂಡ ಮೇಲೆ ಇಷ್ಟೆಲ್ಲ ಸಹಜವಲ್ಲವೇ ಎಂದರೆ, ಹೌದು, ಸಹಜವೇ. ತಕರಾರು ಇರುವುದು ಅದರ ಎತ್ತರ ಮತ್ತು ಅವಧಿಯ ಬಗ್ಗೆ. ರಕ್ತನಾಳದ ಕಾಯಿಲೆ ಬೆಳೆಯುವುದು ಊಟದ ನಂತರದ ಈ ಹೊತ್ತಿನಲ್ಲೇ ಎಂದು ವಿಜ್ಞಾನಿ ಝಿಲ್ವರ್‌ಸ್ಮಿಟ್ 1979ರಲ್ಲೇ ವಾದಿಸಿದ್ದರು. 2017ರ ಕ್ಯಾಂಟೋಸ್ ಎಂಬ ಪ್ರಯೋಗದಲ್ಲಿ ಕೊಲೆಸ್ಟೆರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದ ಔಷಧಿಯಿಂದ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳು ಸುಮಾರು ಶೇಕಡಾ 15ರಷ್ಟು ಇಳಿದವು. ಆದರೆ ಅದು ಔಷಧಿ, ಊಟವಲ್ಲ. ಉರಿಯೂತದ ಕೈವಾಡ ಅಲ್ಲಿ ಸಾಬೀತಾಯಿತು. ಅದರಲ್ಲಿ ಊಟದ ಪಾಲೆಷ್ಟು ಎಂಬುದು ಇನ್ನೂ ತರ್ಕದ ಮಾತು. ಹಾಗಾಗಿ "ಉರಿಯೂತ ಕಳೆಯುವ" ಪುಡಿ ಮಾರುವವರಿಗೆ ಈ ಪುರಾವೆ ಸಲ್ಲದು.

ಹಾಗಾದರೆ ಮಾಡುವುದೇನು? ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ಇದಕ್ಕೆ ಒಳ್ಳೆಯ ಆಧಾರವಿದೆ. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ನೋಡಿಸುವವರು ಊಟವಾಗಿ ಎರಡು ಗಂಟೆಯ ನಂತರದ್ದನ್ನೂ ವೈದ್ಯರನ್ನು ಕೇಳಿ ನೋಡಿಸಿಕೊಳ್ಳಿ.