ಅಳತೆಯ ಮೇಲಿನ ಕೊಸರು

ಸಂತೆಯಲ್ಲಿ ಜೋಳ ಅಳೆಯುವವನು ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದ. ಅಳೆದು ಮುಗಿದ ಮೇಲೆ ಒಂದು ಹಿಡಿ ಕಾಳನ್ನು ಮೇಲೆ ಸುರಿಯುತ್ತಿದ್ದ. ಆ ಹಿಡಿಗೆ ನಮ್ಮ ಜನ ಕೊಸರು ಎಂದು ಹೆಸರಿಟ್ಟರು. ಕೊಸರಿಗೆ ಬೆಲೆಯಿಲ್ಲ. ಕೊಳ್ಳುವವಳು ಕೇಳಿಯೇ ಕೇಳುವಳು. ಮಾರುವವನು ಗೊಣಗುತ್ತಲಾದರೂ ಕೊಟ್ಟೇ ಕೊಡುವನು. 1956ರ ತೂಕ-ಅಳತೆಗಳ ಶಾಸನ ಬಂದು ಸೇರು ಪಾವುಗಳ ಜಾಗದಲ್ಲಿ ಕಿಲೋ ಲೀಟರುಗಳು ಕುಳಿತರೂ ಕೊಸರು ಅಳಿಯಲಿಲ್ಲ. ಈಗ ಅದು ಪೆಟ್ರೋಲ್ ಪಂಪಿನಲ್ಲಿಯೂ ಕಾಣಿಸಿಕೊಂಡಿದೆ. ಆದರೆ ವಾಚಕರೇ, ಅಲ್ಲಿಯ ಕೊಸರಿಗೆ ಬೆಲೆಯುಂಟು. ಆ ಬೆಲೆಯನ್ನು ತೆರುವವರು ಯಾರು ಎಂಬುದೇ ಈ ಬರಹದ ವಿಚಾರ.

ಕೆಲವು ವಾರಗಳ ಹಿಂದೆ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದೆವು. ಪುಣೆ-ಹೈದರಾಬಾದ್ ಹೆದ್ದಾರಿಯ ಬದಿಯ ಒಂದು ಪಂಪಿನಲ್ಲಿ ನನ್ನ ಚಿಕ್ಕ ಕಾರನ್ನು ನಿಲ್ಲಿಸಿ, “ಟಾಂಕಿ ತುಂಬಿಸಪ್ಪಾ” ಎಂದೆ. 1,988 ರೂಪಾಯಿಗೆ ಬಂದಾಗ ಹುಡುಗನ ಕೈಯಲ್ಲಿದ್ದ ನಳಿಕೆ ‘ಟಕ್’ ಎಂದು ತಾನಾಗಿಯೇ ನಿಂತಿತು.

“ರೌಂಡ್ ಮಾಡ್ಲೇನ್ರಿ ಸರ್?”

“ಮಾಡು” ಎಂದೆ. ಅವನು ಹಿಡಿಯನ್ನು ಒಮ್ಮೆ ಒತ್ತಿದ, ಬಿಟ್ಟ. ಮತ್ತೊಮ್ಮೆ ಒತ್ತಿದ, ಬಿಟ್ಟ. ಅಂಕಿ 2,000ವನ್ನು ದಾಟಿ 2,002ಕ್ಕೆ ಹೋಗಿ ನಿಂತಿತು. ನಾನು 500ರ ನಾಲ್ಕು ನೋಟುಗಳನ್ನು ಕೊಟ್ಟು, ಚಿಲ್ಲರೆಗಾಗಿ ಕಿಸೆ ತಡಕಿದೆ, ಸಿಗಲಿಲ್ಲ. ಹುಡುಗ, “ಇರ್ಲಿ ಬಿಡ್ರಿ ಸರ್” ಎಂದ. ಬಿಟ್ಟು ಹೊರಟೆ.

ರಾಜೇಶ್ವರ ಬರುವವರೆಗೂ ಸಹೋದ್ಯೋಗಿಗಳು ಸುಮ್ಮನಾಗಲಿಲ್ಲ. “ನೋಡಿದಿರಾ ಅವನ ಯುಕ್ತಿ? ಬೇಕೆಂದೇ ಎರಡು ರೂಪಾಯಿ ಮೇಲಕ್ಕೆ ಜಾರಿಸಿದ. ಬಂದ ಗಾಡಿಗೆಲ್ಲ ಹೀಗೆ ಮಾಡಿದರೆ ಸಂಜೆಯ ಹೊತ್ತಿಗೆ ಎಷ್ಟಾಯಿತು?” ಎಂದು ಲೆಕ್ಕ ಹಾಕತೊಡಗಿದರು. ಆ ಎರಡು ರೂಪಾಯಿಯ ಪೆಟ್ರೋಲು ನಮ್ಮ ಟಾಂಕಿಯಲ್ಲಿಯೇ ಇದೆ, ಅದರ ಹಣವನ್ನು ನಾವು ಕೊಟ್ಟಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಹೊಳೆಯಲಿಲ್ಲ.

ಅಂಕಿ ಜಾರುವುದರಲ್ಲಿ ಯುಕ್ತಿಯೇನೂ ಬೇಕಾಗಿಲ್ಲ. ಲೆಕ್ಕ ಸುಲಭವಾಗಲೆಂದು ಲೀಟರಿಗೆ 100 ರೂಪಾಯಿ ಎಂದು ಹಿಡಿಯೋಣ. ಆಗ ಒಂದು ರೂಪಾಯಿಗೆ 10 ಮಿಲಿಲೀಟರ್, ಅಂದರೆ ಎರಡು ಚಹಾ ಚಮಚ. ನಿಮಿಷಕ್ಕೆ 6 ಲೀಟರಿನಂತೆ ಮೆಲ್ಲಗೆ ಹರಿಯಬಿಟ್ಟರೂ ಒಂದು ಸೆಕೆಂಡಿಗೆ 100 ಮಿಲಿಲೀಟರ್, ಎಂದರೆ 10 ರೂಪಾಯಿ! ಎರಡು ರೂಪಾಯಿ ಮೀರದಂತೆ ನಿಲ್ಲಿಸಬೇಕಾದರೆ ಸೆಕೆಂಡಿನ ಐದನೆಯ ಒಂದು ಪಾಲಿನೊಳಗೆ ಕೈ ಸಡಿಲಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಹುಡುಗನ ಬೆರಳಿನಿಂದ ಇಷ್ಟು ಸೂಕ್ಷ್ಮವನ್ನು ನಿರೀಕ್ಷಿಸುವವರು ತಾವೇ ಒಮ್ಮೆ ಹಿಡಿದು ನೋಡಬೇಕು.

ಯಂತ್ರಕ್ಕೆ ಮೊದಲೇ ಮೊತ್ತವನ್ನು ಹೇಳಿಬಿಟ್ಟರೆ ಈ ತೊಡಕಿಲ್ಲ. 500 ಎಂದು ಗುಂಡಿ ಒತ್ತಿದರೆ, ಮೊತ್ತ ಹತ್ತಿರವಾದಂತೆ ಒಳಗಿನ ಕವಾಟ ಹರಿವನ್ನು ಕುಗ್ಗಿಸಿ, ಕಡೆಗೆ ತಾನೇ ಮುಚ್ಚಿಕೊಳ್ಳುತ್ತದೆ. ಅಂಕಿ ಜಾರುವುದು ಹೆಚ್ಚಾಗಿ ನಾವು ‘ತುಂಬಿಸು’ ಎಂದಾಗ, ತುಂಬಿದ ಮೇಲೆಯೂ ‘ಸರಿಮಾಡು’ ಎಂದಾಗ. ನಳಿಕೆಯ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಪೆಟ್ರೋಲು ಅಲ್ಲಿಯವರೆಗೆ ಏರಿ ಗಾಳಿಯ ದಾರಿ ಕಟ್ಟಿದೊಡನೆ ಹಿಡಿ ಕಳಚಿಕೊಳ್ಳುತ್ತದೆ. ಅದು ಸಾಕೆಂಬ ಸೂಚನೆ. ಅದರ ಮೇಲೆ ಹಾಕುವುದು ವಿವೇಕವಲ್ಲ. 10 ಲೀಟರ್ ಪೆಟ್ರೋಲು 10 ಡಿಗ್ರಿ ಬಿಸಿಯಾದರೆ ಸುಮಾರು 100 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ನಮ್ಮ ಬೀದರ ಸೀಮೆಯ ಬೇಸಗೆಯಲ್ಲಿ ಆ ಹಿಗ್ಗಿಗೆ ಜಾಗ ಬೇಡವೆ?

ಹಾಗೆಂದು ಪಂಪುಗಳಲ್ಲಿ ಮೋಸವೇ ನಡೆಯದೆಂದು ನಾನು ಹೇಳಲಾರೆ. ಆದರೆ ಮೋಸ ಅಂಕಿ ಮೀರುವುದರಲ್ಲಿಲ್ಲ; ಅಂಕಿ ತೋರಿಸಿದಷ್ಟು ಎಣ್ಣೆ ಬೀಳದಿರುವುದರಲ್ಲಿದೆ. ಅದಕ್ಕೆ ಮದ್ದೂ ಉಂಟು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆಪಾತ್ರೆ ಪಂಪಿನಲ್ಲಿ ಇರಬೇಕು. ಗ್ರಾಹಕ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ನೋಡಿ, ನಮ್ಮ ಲೆಕ್ಕದಲ್ಲಿ ಅದೂ ಎರಡೂವರೆ ರೂಪಾಯಿಯೇ! ಕಣ್ಣಿಗೆ ಕಾಣುವ ಎರಡು ರೂಪಾಯಿಗೆ ನಾವು ಹುಡುಗನ ಮೇಲೆ ರೇಗುತ್ತೇವೆ. ಕಾಣದ ಕೊರತೆಯನ್ನು ಅಳೆದು ನೋಡಲು ಒಬ್ಬರೂ ಪಾತ್ರೆ ಕೇಳುವುದಿಲ್ಲ. ಕೆಲವರಂತೂ ದುಂಡು ಮೊತ್ತದಲ್ಲಿಯೇ ಮೋಸವಿದೆಯೆಂದು 100ರ ಬದಲು 110ಕ್ಕೆ ಹಾಕಿಸಿ, ಗೆದ್ದೆವೆಂದುಕೊಳ್ಳುತ್ತಾರೆ. ಅಳತೆಯೇ ತಪ್ಪಿದ್ದರೆ ಎರಡು ಮೊತ್ತಕ್ಕೂ ತಪ್ಪೇ.

ಮರುದಿನ ತರಗತಿಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪಾಠವಿತ್ತು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಾಳಿದವರು ಅವರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಈ ಹೆಚ್ಚಳ ಆಸೆಯದೆಂದು ಎಚ್ಚರಿಸಿ, ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಕಥೆಯನ್ನು ವಿವರಿಸುತ್ತಿದ್ದ ಹಾಗೆಯೇ ಹುಮನಾಬಾದಿನ ಅಂಕಿಫಲಕ ಕಣ್ಣ ಮುಂದೆ ನಿಂತಿತು. ನನ್ನ ಮಾತು ಒಂದು ಕ್ಷಣ ತಡೆಯಿತು. ಹುಡುಗರು ನಾನು ಟಿಪ್ಪಣಿ ಮರೆತೆನೆಂದು ತಿಳಿದಿರಬೇಕು.

ಮುಂದಿನ ವಾರ ಅದೇ ಪಂಪಿಗೆ ಹೋದೆ. ಹುಡುಗನೂ ಇದ್ದ. ಮೀರಿದ ರೂಪಾಯಿಗಳ ಲೆಕ್ಕವೇನೆಂದು ಕೇಳಿದೆ.

“ಪಾಳಿ ಸುರುವಿಗಿ ಮೀಟರ್ ಬರಕೋತಾರ್ರಿ, ಬಿಡೂ ಮುಂದ ಮತ್ತ ಬರಕೋತಾರ. ಹೋದ ಎಣ್ಣಿಗಿ ರೊಕ್ಕ ಎಣಿಸಿ ಕೊಡಬೇಕ್ರಿ. ಕಮ್ಮಿ ಬಿದ್ರ ನಮ್ಮ ಕೈಯಾಗಿಂದ ಹಾಕಬೇಕು.”

“1,999ಕ್ಕೆ ನಿಂತಾಗ ಒಂದು ರೂಪಾಯಿ ಉಳಿಯುತ್ತದಲ್ಲ?”

ಅವನು ನಕ್ಕ. “ಒಬ್ರು ಬಿಟ್ಟಿದ್ದು ಇನ್ನೊಬ್ರು ಕೊಡಲಾರದ್ದಕ್ಕ ಹೋಗ್ತದ್ರಿ ಸರ್. ಒಂದೊಂದ್ ದಿನ ಅದೂ ಆಗಂಗಿಲ್ಲ.”

ಬೆಲೆ ತೆರುವವರು ಯಾರೆಂಬುದು ತಿಳಿಯಿತು. ನನಗೆ ಒಂದು ಗುಟುಕು ಚಹಕ್ಕೂ ಸಾಲದ ಮೊತ್ತ, ನನ್ನಂಥವರು ಮೂವತ್ತು ಮಂದಿ ಸೇರಿದರೆ ಅವನ ದಿನದ ಕೂಲಿಯಿಂದ 60 ರೂಪಾಯಿಯನ್ನು ಕಿತ್ತುಕೊಳ್ಳುತ್ತದೆ. ಚಿಲ್ಲರೆಯಿಲ್ಲವೆಂಬ ನೆಪವೂ ಈಗ ಹಳತಾಯಿತು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ ತಿಂಗಳ ಕೊನೆಗೆ ನಿಂತಿತು, ನಿಜ. ಆದರೆ 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಫೋನಿನಲ್ಲಿಯೇ ಪೈಸೆಯವರೆಗೂ ಎಣಿಸಿ ತೆರಬಹುದು. ಅಂಕಿ ಎಲ್ಲಿ ನಿಂತಿತೋ ಅಲ್ಲಿಗೆ ಹಣ. ಮೀರಿದರೆ ಮೀರಿದ್ದಕ್ಕೆ, ಕಡಿಮೆಯಾದರೆ ಅಷ್ಟಕ್ಕೇ. ಕೊಡುವವನಿಗೂ ಕೊಳ್ಳುವವನಿಗೂ ಇದಕ್ಕಿಂತ ನೇರವಾದ ದಾರಿ ಇಲ್ಲ.

ಎರಡು ರೂಪಾಯಿಯ ನಾಣ್ಯವನ್ನು ಅವನ ಕೈಗಿತ್ತು, “ಹೋದ ವಾರದ ಬಾಕಿ” ಎಂದೆ. ಅವನಿಗೆ ನನ್ನ ಗುರುತಿರಲಿಲ್ಲ. ನಾಣ್ಯವನ್ನು ಚೀಲಕ್ಕೆ ಹಾಕಿಕೊಂಡು, ನಳಿಕೆಯನ್ನು ಎತ್ತಿ, “ಜೀರೋ ನೋಡ್ರಿ ಸರ್. ಎಷ್ಟರದ್ದು ಹಾಕ್ಲಿ?” ಎಂದು ಕೇಳಿದ.