ಬೇಲಿಗಿಂತ ಮೊದಲು ನಕ್ಷೆ

ಹಿತ್ತಲನ್ನು ಎರಡು ಮಾಡಿ ಇನ್ನೊಂದು ಮನೆ ಎಬ್ಬಿಸುವ ಆಸೆ ಲಂಡನ್ನಿನ ಹೌನ್ಸ್ಲೋದಲ್ಲೂ ಇದೆ, ಬೆಂಗಳೂರಿನ ಅಂಚಿನಲ್ಲೂ ಇದೆ. ಕಾನೂನು ಬೇರೆ ಬೇರೆ. ಆದರೆ ಎರಡೂ ಕಡೆ ಕೆಲಸ ಕೆಡುವುದು ಮೊದಲ ನಕ್ಷೆಯಲ್ಲೇ.

ಪಶ್ಚಿಮ ಲಂಡನ್ನಿನ ಹೌನ್ಸ್ಲೋದಲ್ಲಿ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರ ಮಾತಿನಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ: ‘ಹಿಂದುಗಡೆ ಇಷ್ಟು ಉದ್ದ ಜಾಗ ಸುಮ್ಮನೆ ಬಿದ್ದಿದೆಯಲ್ಲ, ಅರ್ಧ ಕೊಟ್ಟುಬಿಟ್ಟರೆ ಹೇಗೆ? ಅಥವಾ ನಾವೇ ಒಂದು ಚಿಕ್ಕ ಮನೆ ಕಟ್ಟಿಸಿದರೆ?’ ಆ ಉದ್ದನೆಯ ಹಿತ್ತಲಿಗೆ ಇತಿಹಾಸವಿದೆ. 1925ರಲ್ಲಿ ಗ್ರೇಟ್ ವೆಸ್ಟ್ ರೋಡ್ ತೆರೆಯಿತು, 1930ರ ದಶಕದಲ್ಲಿ ಪಿಕಾಡಿಲಿ ಲೈನ್ ರೈಲು ಬಂತು. ತರಕಾರಿ, ಹಣ್ಣು ಬೆಳೆಯುತ್ತಿದ್ದ ನೆಲದಲ್ಲಿ ಜೋಡಿಮನೆಗಳ ಸಾಲುಗಳು ಎದ್ದವು. ಎರಡು ಮನೆಗಳ ನಡುವೆ ಒಂದೇ ಗೋಡೆ, ಪಕ್ಕದಲ್ಲಿ ಒಂದು ಓಣಿ, ಹಿಂದೆ ಧಾರಾಳವಾದ ತೋಟ.

ಈಗ ಮನೆಗಳ ಕೊರತೆ ಆ ತೋಟಗಳ ಕಡೆ ನೋಡುತ್ತಿದೆ. 2021ರ ಲಂಡನ್ ಪ್ಲ್ಯಾನ್ ಹೌನ್ಸ್ಲೋಗೆ ಕೊಟ್ಟ ಗುರಿ ಹತ್ತು ವರ್ಷಕ್ಕೆ 17,820 ಮನೆ. ಅದರಲ್ಲಿ 2,800 ಮನೆಗಳು ಕಾಲು ಹೆಕ್ಟೇರಿಗಿಂತ ಚಿಕ್ಕ ಜಾಗಗಳಿಂದ ಬರಬೇಕು. ಹಾಗೆಂದು ಹಿತ್ತಲುಗಳೆಲ್ಲ ಕಟ್ಟಲು ಮುಕ್ತವಾಗಿವೆ ಎಂದಲ್ಲ. 2010ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ, ಈಗಾಗಲೇ ಕಟ್ಟಿ ಬಳಸಿದ ಜಾಗಗಳ ಪಟ್ಟಿಯಿಂದ ಮನೆತೋಟಗಳನ್ನು ತೆಗೆದುಹಾಕಿತು. ಅಲ್ಲಿಂದೀಚೆಗೆ, ಇಲ್ಲಿ ಇನ್ನೊಂದು ಮನೆ ಏಕೆ ಸಲ್ಲುತ್ತದೆ ಎಂದು ತೋರಿಸಿಕೊಡುವ ಹೊರೆ ಕಟ್ಟುವವರ ಹೆಗಲ ಮೇಲೇ ಹೆಚ್ಚು.

ಮಾರಲು ತಡೆಯಿಲ್ಲ, ಕಟ್ಟಲು ಇದೆ

ಕರ್ನಾಟಕದಿಂದ ಹೋದವರು ಇಲ್ಲೇ ಎಡವುತ್ತಾರೆ. ನಮ್ಮಲ್ಲಿ ಜಮೀನು ತುಂಡು ಮಾಡುವುದಕ್ಕೇ ಅನುಮತಿ ಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನ ಪ್ರಕಾರ ಬಡಾವಣೆ ನಕ್ಷೆ ಮಂಜೂರಾಗಬೇಕು. ಕೃಷಿ ಜಮೀನಿನ ಸರ್ವೆ ನಂಬರಿನಲ್ಲಿ ಒಂದು ಭಾಗ ಮಾರಬೇಕಾದರೆ ಮೊದಲು 11ಇ ನಕ್ಷೆ ಮಾಡಿಸಬೇಕು.

ಇಂಗ್ಲೆಂಡಿನಲ್ಲಿ ದಾರಿ ಬೇರೆ. ಅಲ್ಲಿ ಜಾಗವನ್ನು ಎರಡಾಗಿ ಮಾರಲು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಒಪ್ಪಿಗೆ ಬೇಕಿಲ್ಲ. ಕ್ರಯಪತ್ರಕ್ಕೆ ನಕ್ಷೆ ಲಗತ್ತಿಸಿ ಲ್ಯಾಂಡ್ ರಿಜಿಸ್ಟ್ರಿಗೆ ಕೊಟ್ಟರೆ ಹೊಸ ಖಾತೆ ಹುಟ್ಟುತ್ತದೆ. ಆದರೆ 1948ರ ಜುಲೈ 1ರಿಂದ, ಅಂದರೆ ಹಿಂದಿನ ವರ್ಷ ಬಂದ ಯೋಜನಾ ಕಾಯ್ದೆ ಜಾರಿಯಾದ ದಿನದಿಂದ, ನೆಲದ ಮೇಲೆ ಕಟ್ಟುವ ಹಕ್ಕು ಒಡೆತನದ ಜೊತೆ ತಾನಾಗಿ ಬರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ನೆಲ ನಿಮ್ಮದು, ಕಟ್ಟುವ ತೀರ್ಮಾನ ಊರಿನದು.

ಈ ಅಂತರದಲ್ಲೇ ಮೋಸಗಾರರು ಬೆಳೆದರು. ಲಂಡನ್ ಸುತ್ತ ಕಟ್ಟಡಕ್ಕೆ ಬಿಗಿ ನಿರ್ಬಂಧವಿರುವ ಹಸಿರುಪಟ್ಟಿಯಲ್ಲಿ ಹೊಲ ಕೊಂಡು, ಕಾಗದದ ಮೇಲೆ ಸೈಟು ಸೈಟಾಗಿ ಹೋಳು ಮಾಡಿ, ‘ಇವತ್ತಲ್ಲ ನಾಳೆ ಪರ್ಮಿಷನ್ ಬರುತ್ತದೆ’ ಎಂದು ಮಾರಿದರು. ಕೊಂಡವರ ಹೆಸರಿಗೆ ಖಾತೆಯಾಯಿತು, ಕಟ್ಟುವ ಅನುಮತಿ ಬರಲಿಲ್ಲ. ಹಣಕಾಸು ನಿಯಂತ್ರಕರು ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟು ಕೊಂಡು, ಬಿ ಖಾತೆ ಹಿಡಿದು, ಸಕ್ರಮದ ದಾರಿ ಕಾಯುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಮನೆ ಕಟ್ಟಬಹುದು ಎಂದಲ್ಲ. ಇದು ಎರಡೂ ನಾಡಿಗೆ ಸಲ್ಲುವ ಪಾಠ.

ಕೆಂಪು ಗೆರೆ, ನೀಲಿ ಗೆರೆ

ಹಾಗಾದರೆ ಮೊದಲ ನಕ್ಷೆಯಲ್ಲಿ ಏನಿರಬೇಕು? ಇಂಗ್ಲೆಂಡಿನ ಕೌನ್ಸಿಲ್ ಕೇಳುವುದು ಎರಡು ಹಾಳೆ. ಮೊದಲನೆಯದು ಸ್ಥಳ ನಕ್ಷೆ, ಸಾಮಾನ್ಯವಾಗಿ 1:1250 ಅಳತೆಯಲ್ಲಿ. ಉತ್ತರ ದಿಕ್ಕಿನ ಬಾಣ ಇರಬೇಕು. ಜಾಗದ ಗುರುತು ಸಿಗುವಂತೆ ಅಕ್ಕಪಕ್ಕದ ರಸ್ತೆಗಳ ಹೆಸರಿರಬೇಕು, ಕನಿಷ್ಠ ಎರಡಾದರೂ ಇದ್ದರೆ ಒಳ್ಳೆಯದು. ಅರ್ಜಿ ಹಾಕುವ ಜಾಗದ ಸುತ್ತ ಕೆಂಪು ಗೆರೆ, ಅದಕ್ಕೆ ತಾಗಿ ನಿಮ್ಮದೇ ಉಳಿದ ಜಾಗವಿದ್ದರೆ ನೀಲಿ ಗೆರೆ. ಎರಡನೆಯದು 1:500ರಂಥ ದೊಡ್ಡ ಅಳತೆಯ ನಿವೇಶನ ನಕ್ಷೆ. ಈಗಿರುವ ಮನೆ, ಬರಲಿರುವ ಮನೆ, ಗಡಿ, ಮರ, ದಾರಿ ಎಲ್ಲ ಅದರಲ್ಲಿ ಕಾಣಬೇಕು.

ಅನೇಕರು ತಪ್ಪುವುದು ಕೆಂಪು ಗೆರೆಯಲ್ಲಿ. ಹಿಂದಿನ ತುಂಡಿಗೆ ಮಾತ್ರ ಗೆರೆ ಸುತ್ತಿ ಬಿಡುತ್ತಾರೆ. ರಸ್ತೆಯಿಂದ ಆ ತುಂಡಿಗೆ ಹೋಗುವ ಓಣಿಯೂ ಕೆಂಪು ಗೆರೆಯೊಳಗೇ ಬರಬೇಕು, ಇಲ್ಲದಿದ್ದರೆ ಅರ್ಜಿ ಅಪೂರ್ಣ. ಓಣಿಯಲ್ಲಿ ಪಕ್ಕದವರ ಪಾಲಿದ್ದರೆ ಅವರಿಗೆ ವಿಧಿಪ್ರಕಾರ ನೋಟಿಸ್ ಕೊಟ್ಟು, ಕೊಟ್ಟಿದ್ದೇವೆಂದು ಅರ್ಜಿಯಲ್ಲಿ ದೃಢೀಕರಿಸಬೇಕು.

ಈಗ ಅಡಿಪಟ್ಟಿ ಇಟ್ಟು ನೋಡಿ. 1:500 ಹಾಳೆಯ ಮೇಲೆ ಎರಡು ಮಿಲಿಮೀಟರ್ ಎಂದರೆ ಒಂದು ಮೀಟರ್. ಕಟ್ಟಡ ನಿಯಮಗಳ ಮಾರ್ಗಸೂಚಿಯ ಪ್ರಕಾರ ಅಗ್ನಿಶಾಮಕ ವಾಹನದ ದಾರಿ 3.7 ಮೀಟರ್ ಅಗಲವಿರಬೇಕು, ಹಾಳೆಯಲ್ಲಿ ಅದು ಏಳು ಮಿಲಿಮೀಟರಿಗೆ ತುಸು ಹೆಚ್ಚು. ಜೋಡಿಮನೆಯ ಪಕ್ಕದ ಓಣಿ ಬಹಳ ಕಡೆ ಅಷ್ಟು ಇರುವುದಿಲ್ಲ. ಆಗ ವಾಹನ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಹೊಸ ಮನೆಯ ಒಳಗಿನ ಕೊನೆಯ ಮೂಲೆಗೂ 45 ಮೀಟರ್ ದಾಟಬಾರದು, ಹಾಳೆಯಲ್ಲಿ ಒಂಬತ್ತು ಸೆಂಟಿಮೀಟರ್. ದಾಟಿದರೆ ಸ್ಪ್ರಿಂಕ್ಲರ್‌ನಂಥ ಬೇರೆ ಏರ್ಪಾಡು ಬೇಕು. ಕಸವನ್ನು ಮನೆಯವರು 30 ಮೀಟರಿಗಿಂತ ದೂರ ಹೊರಬಾರದು. ಒಬ್ಬರೇ ಇರುವ ಫ್ಲ್ಯಾಟ್ ಕೂಡ 37 ಚದರ ಮೀಟರಿಗಿಂತ ಕಿರಿದಾಗಬಾರದು, ಒಂದೇ ಅಂತಸ್ತಿನಲ್ಲಿ ಇಬ್ಬರಿಗಾದರೆ 50. ಇಷ್ಟನ್ನೂ ಒಂದು ಸಂಜೆ ಊಟದ ಮೇಜಿನ ಮೇಲೆ ಅಳೆದು ನೋಡಬಹುದು. ಆಗ ಸುಳ್ಳೆಂದು ತಿಳಿಯುವ ಆಸೆಗೆ ಖರ್ಚಾಗುವುದು ಒಂದು ಹಾಳೆ ಮಾತ್ರ.

ಈ ನಕ್ಷೆಗಳ ಬೇರು ಹೌನ್ಸ್ಲೋ ನೆಲದಲ್ಲೇ ಇದೆ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. 1784ರಲ್ಲಿ ಭೂಮಾಪಕ ವಿಲಿಯಂ ರಾಯ್ ಹೌನ್ಸ್ಲೋ ಹೀತ್ ಬಯಲಿನಲ್ಲಿ, ಗಾಜಿನ ಕೊಳವೆಗಳನ್ನು ಜೋಡಿಸುತ್ತಾ, ಐದು ಮೈಲಿಗೂ ಉದ್ದದ ಆಧಾರರೇಖೆಯನ್ನು ಅಳೆದರು. 1791ರಲ್ಲಿ ಹುಟ್ಟಿದ ಬ್ರಿಟನ್ನಿನ ನಕ್ಷಾ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಕೆಲಸ ಅದನ್ನೇ ಆಧರಿಸಿತು. ಇಂದು ಅರ್ಜಿಗೆ ಲಗತ್ತಿಸುವ ಸ್ಥಳ ನಕ್ಷೆಯೂ ಸಾಮಾನ್ಯವಾಗಿ ಆ ಸಂಸ್ಥೆಯದೇ. ಅದೇ ವಿದ್ಯೆಯನ್ನು ಹಿಡಿದು ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಎಳೆದರು.

ಊರಿಗೆ ತಕ್ಕ ಪಟ್ಟಿ

ಅರ್ಜಿಯ ಜೊತೆ ಕೊಡಬೇಕಾದ ದಾಖಲೆಗಳಿಗೆ ದೇಶಕ್ಕೆಲ್ಲ ಒಂದೇ ಪಟ್ಟಿಯಾದರೆ ಊರಿನ ಕಷ್ಟ ಅದರಲ್ಲಿ ಸೇರುವುದಿಲ್ಲ. ಅದಕ್ಕೇ ಪ್ರತಿ ಕೌನ್ಸಿಲ್‌ಗೂ ತನ್ನದೇ ಸ್ಥಳೀಯ ಪಟ್ಟಿ ಪ್ರಕಟಿಸುವ ಅಧಿಕಾರವಿದೆ. ಯೋಜನಾ ಅರ್ಜಿಗಳ ಕಾರ್ಯವಿಧಾನ ಕುರಿತ 2015ರ ಆದೇಶ ಅದಕ್ಕೂ ಕಡಿವಾಣ ಹಾಕಿದೆ. ಅರ್ಜಿ ಬಂದ ದಿನಕ್ಕೆ ಆ ಪಟ್ಟಿ ಪ್ರಕಟವಾಗಿ ಎರಡು ವರ್ಷ ಮೀರಿರಬಾರದು. ಕೇಳುವ ದಾಖಲೆ ಕಾಮಗಾರಿಯ ಗಾತ್ರಕ್ಕೆ ತಕ್ಕಂತಿರಬೇಕು. ಹೌನ್ಸ್ಲೋದ ನೆಲ ನೋಡಿದರೆ ಸ್ಥಳೀಯ ಪ್ರಶ್ನೆಗಳು ತಾವಾಗಿ ಬರುತ್ತವೆ. ನೆತ್ತಿಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನಗಳು, ಹಾಗಾಗಿ ಮಲಗುವ ಕೋಣೆಗೆ ಸದ್ದು ಎಷ್ಟು ಬರುತ್ತದೆ? ಕ್ರೇನ್, ಬ್ರೆಂಟ್, ಥೇಮ್ಸ್ ನದಿಗಳ ದಂಡೆ, ಹಾಗಾಗಿ ಪ್ರವಾಹದ ಅಪಾಯ ಎಷ್ಟು? ಹಿತ್ತಲಿನ ಹಳೆಯ ಮರದ ಬೇರು ಎಲ್ಲಿಯವರೆಗೆ ಹರಡಿದೆ?

ಎಲ್ಲ ವಿವರ ಒಮ್ಮೆಗೇ ಕೊಡಲಾಗದವರಿಗೂ ದಾರಿಗಳಿವೆ. ರೂಪರೇಖೆಯ ಅರ್ಜಿಯಲ್ಲಿ ಪ್ರವೇಶ, ನೋಟ, ತೋಟಗಾರಿಕೆ, ವಿನ್ಯಾಸ, ಗಾತ್ರ ಈ ಐದು ಸಂಗತಿಗಳನ್ನು ಮುಂದಕ್ಕೆ ಉಳಿಸಿಕೊಳ್ಳಬಹುದು. 2018ರ ಜೂನ್‌ನಿಂದ ಒಂಬತ್ತು ಮನೆಯವರೆಗಿನ ಚಿಕ್ಕ ಯೋಜನೆಗಳಿಗೆ ‘ತಾತ್ವಿಕ ಅನುಮತಿ’ಯೂ ಇದೆ. ಜಾಗ, ಬಳಕೆ, ಮನೆಗಳ ಸಂಖ್ಯೆ ಈ ಮೂರನ್ನಷ್ಟೇ ನೋಡಿ ಐದು ವಾರದಲ್ಲಿ ಉತ್ತರ ಹೇಳಬೇಕು. ಆದರೆ ತಾಂತ್ರಿಕ ವಿವರಕ್ಕೆ ಆಮೇಲೆ ಒಪ್ಪಿಗೆ ಸಿಗುವವರೆಗೆ ಕಟ್ಟುವಂತಿಲ್ಲ.

ಬಚ್ಚಿಟ್ಟು ಕಟ್ಟಿದರೆ

ಪಶ್ಚಿಮ ಲಂಡನ್ನಿನಲ್ಲಿ ಇನ್ನೊಂದು ದಾರಿಯನ್ನೂ ಜನ ಹಿಡಿದರು. ಹಿತ್ತಲಲ್ಲಿ ಶೆಡ್ ಎಂದು ಹೇಳಿ ಕಟ್ಟಿ, ಒಳಗೆ ಅಡುಗೆಮನೆ, ಬಚ್ಚಲು ಮಾಡಿ ಬಾಡಿಗೆಗೆ ಬಿಟ್ಟರು. ಬಾಡಿಗೆಗೆ ಬಂದವರು ಹೆಚ್ಚಾಗಿ ಹೊಸದಾಗಿ ವಲಸೆ ಬಂದ ಬಡವರು. ಒದ್ದೆ ಗೋಡೆ, ಕಿರಿದಾದ ಬಾಗಿಲು, ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ. ಅನುಮತಿಯಿಲ್ಲದ ಮನೆ ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದಿದ್ದರೆ ಕ್ರಮದಿಂದ ಪಾರು ಎಂಬ ನಿಯಮ ಆಗ ಇತ್ತು. ಹರ್ಟ್‌ಫರ್ಡ್‌ಶೈರ್‌ನಲ್ಲಿ ಹೊರಗೆ ಕೊಟ್ಟಿಗೆಯಂತೆ ತೋರಿಸಿ ಒಳಗೆ ಮನೆ ಮಾಡಿಕೊಂಡವರಿಗೆ, ವಂಚನೆಯಿಂದ ಆ ರಕ್ಷಣೆ ಸಿಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಏಪ್ರಿಲ್ 25ರಿಂದ ಆ ಅವಧಿಯೇ ಹತ್ತು ವರ್ಷವಾಗಿದೆ.

ನಕ್ಷೆ ಕೇಳುವುದು ಕಿರುಕುಳ ಎನ್ನುವವರಿಗೆ ನನ್ನ ಉತ್ತರ ಆ ಶೆಡ್‌ಗಳು. ಅಲ್ಲಿ ಮಲಗುವವರ ಪರವಾಗಿ, ಬೆಳಕು ಕಳೆದುಕೊಳ್ಳುವ ಪಕ್ಕದ ಮನೆಯವರ ಪರವಾಗಿ, ಇನ್ನೂ ಕೊಳ್ಳಲು ಬಾರದ ನಾಳಿನವರ ಪರವಾಗಿ ಮಾತಾಡುವ ಏಕೈಕ ಕಾಗದ ಈ ಮೊದಲ ನಕ್ಷೆ. ಕೌನ್ಸಿಲ್ ನೆರೆಯವರಿಗೆ 21 ದಿನ ಅವಕಾಶ ಕೊಡುವುದೂ ಅದಕ್ಕೇ.

ಆದ್ದರಿಂದ ಹೌನ್ಸ್ಲೋದಲ್ಲಿ ಹಿತ್ತಲು ನೋಡಿ ಲೆಕ್ಕ ಹಾಕುತ್ತಿರುವವರು ಮೊದಲು ಹಳೆಯ ಕ್ರಯಪತ್ರ ತೆಗೆದು, ಎರಡನೇ ಮನೆ ಕಟ್ಟಬಾರದೆಂಬ ಷರತ್ತು ಇದೆಯೇ ಎಂದು ಓದಲಿ. ಓಣಿ ಅಳೆಯಲಿ. ಪಕ್ಕದ ಮನೆಯವರಿಗೆ ತಾವೇ ಹೋಗಿ ಹೇಳಲಿ. ಶುಲ್ಕ ಕಟ್ಟಿ ಕೌನ್ಸಿಲ್‌ನ ಅರ್ಜಿಪೂರ್ವ ಸಲಹೆ ಪಡೆಯಲಿ. ಬೆಂಗಳೂರಿನ ಅಂಚಿನಲ್ಲಿ ಸೈಟು ನೋಡುತ್ತಿರುವವರು ಮುಂಗಡ ಕೊಡುವ ಮುನ್ನ ಮಂಜೂರಾದ ಬಡಾವಣೆ ನಕ್ಷೆ ಕೇಳಲಿ. ತೋರಿಸಲು ಹಿಂಜರಿಯುವ ಮಾರಾಟಗಾರನಿಂದ ಒಂದು ಅಡಿ ನೆಲವನ್ನೂ ಕೊಳ್ಳಬೇಡಿ.